ಗಾಳಿಗೊಂದು ಜರಡಿ

ಹಿಟ್ಟಿಗೆ ಜರಡಿ, ಕಾಫಿಗೆ ಫಿಲ್ಟರು, ಕೊಳಾಯಿಯ ಬಾಯಿಗೆ ಹಳೆಯ ಪಂಚೆಯ ತುಂಡು, ಇವೆಲ್ಲ ನಮಗೆ ಗೊತ್ತಿದ್ದದ್ದೇ. ಆದರೆ ಉಸಿರಾಡುವ ಗಾಳಿಯನ್ನೂ ಸೋಸುವವರಿದ್ದಾರೆ ಎಂದಿದ್ದರೆ ನಕ್ಕುಬಿಡುತ್ತಿದ್ದೆ. ಶಿವಮೊಗ್ಗದ ನಮ್ಮ ಮನೆಯಲ್ಲಿ ಕಿಟಕಿ ತೆರೆದರೆ ಗಾಳಿ ತಾನಾಗಿ ಬರುತ್ತದೆ, ಜೊತೆಗೆ ಧೂಳನ್ನೂ ಕರೆತರುತ್ತದೆ. ನಮ್ಮ ಕೈಯಲ್ಲಿ ಪೊರಕೆ ಇದ್ದೇ ಇದೆಯಲ್ಲ!

2023ರ ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಮಿಷಿಗನ್‌ಗೆ ಹೋದಾಗ ಈ ಗಾಳಿಯ ಜರಡಿಯನ್ನು ಕಂಡೆ. ಹೊರಗೆ ಹಿಮ, ಕಿಟಕಿ ತೆರೆಯುವ ಮಾತೇ ಇಲ್ಲ. ನೆಲಮಾಳಿಗೆಯಲ್ಲಿ ಬೀರುವಿನಂಥ ಒಂದು ಯಂತ್ರ, ಅದೇ ಫರ್ನೇಸ್. ಗ್ಯಾಸ್ ಉರಿಸಿ ಗಾಳಿಯನ್ನು ಬಿಸಿ ಮಾಡಿ ತಗಡಿನ ಕೊಳವೆಗಳಲ್ಲಿ ಕೋಣೆ ಕೋಣೆಗೂ ಕಳಿಸುತ್ತದೆ, ತಣಿದ ಗಾಳಿಯನ್ನು ಮರಳಿ ಎಳೆದುಕೊಳ್ಳುತ್ತದೆ. ಹೆಚ್ಚುಕಡಿಮೆ ಅದೇ ಗಾಳಿ ಮನೆಯೊಳಗೆ ದಿನವಿಡೀ ಸುತ್ತುತ್ತಿರುತ್ತದೆ. ಅದು ಮರಳುವ ದಾರಿಯಲ್ಲಿ ರಟ್ಟಿನ ಚೌಕಟ್ಟಿನ ಒಂದು ಫಿಲ್ಟರು.

ಅದನ್ನು ಬದಲಿಸುವ ದಿನ ಬಂದಾಗ ಅಳಿಯ ಊರಲ್ಲಿರಲಿಲ್ಲ. ಹಸಿ ಬಾಣಂತಿ ಮೆಟ್ಟಿಲಿಳಿಯುವುದು ಬೇಡವೆಂದು ನಾನೇ ಇಳಿದೆ. ಮಗಳು ಮಗುವನ್ನೆತ್ತಿಕೊಂಡು ಮೇಲಿನಿಂದಲೇ ಹೇಳಿಕೊಟ್ಟಳು. ಮೊದಲು ಫರ್ನೇಸಿನ ಸ್ವಿಚ್ ಆರಿಸಬೇಕು. ಹಳೆಯದನ್ನು ಸಂದಿಯಿಂದ ಎಳೆಯಬೇಕು. ಹೊಸದೂ ಅದೇ ಅಳತೆಯದಿರಬೇಕು. ಅವರದು 16 ಅಂಗುಲಕ್ಕೆ 25, ದಪ್ಪ 1 ಅಂಗುಲ. ಅಂಚಿನಲ್ಲಿ ಅಚ್ಚಾಗಿರುವ ಬಾಣ ಫರ್ನೇಸಿನ ಕಡೆಗೆ ಮುಖ ಮಾಡಿರಬೇಕು. ತೆಳು ಫಿಲ್ಟರಾದ್ದರಿಂದ ಒಂದರಿಂದ ಮೂರು ತಿಂಗಳಿಗೊಮ್ಮೆ ಈ ಕೆಲಸ. ಉದಾಸೀನ ಮಾಡಿದರೆ ಗಾಳಿ ಹರಿಯದೆ ಫರ್ನೇಸ್ ಮಿತಿಮೀರಿ ಕಾದು, ಸುರಕ್ಷತೆಯ ಸ್ವಿಚ್ ಬೆಂಕಿಯನ್ನೇ ಆರಿಸುತ್ತದೆ. ಆ ಚಳಿಯಲ್ಲಿ, ಎಳೆಗೂಸಿರುವ ಮನೆಯಲ್ಲಿ!

ಹೊರಬಂದ ಹಳೆಯ ಫಿಲ್ಟರನ್ನು ನೋಡಿ ಹಾಗೇ ನಿಂತೆ. ಬಿಳಿಯದಾಗಿದ್ದದ್ದು ಬೂದುಬಣ್ಣದ ಕಂಬಳಿಯಾಗಿತ್ತು. ನಮ್ಮ ಕೂದಲು, ಸೀರೆಯ ನೂಲು, ಮಗುವಿನ ಬಟ್ಟೆಯ ಜುಂಗು, ನನ್ನ ಒಗ್ಗರಣೆಯ ಜಿಡ್ಡು, ಎಲ್ಲವೂ ಅಲ್ಲಿತ್ತು. ಕಣ್ಣಿಗೆ ಕಾಣದ ಎಷ್ಟೊಂದನ್ನು ನಾವು ಉಸಿರಾಡುತ್ತೇವೆ ಎನ್ನಿಸಿತು. ಆಗ ಅಮ್ಮ ನೆನಪಾದಳು.

ಅಮ್ಮ ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತವಳು. ಮಳೆಗಾಲದ ಹಸಿ ಸೌದೆ, ಊದುಗೊಳವೆ, ಕಣ್ಣೀರು. ಅಡಿಗೆಮನೆಯ ಗೋಡೆ, ತೊಲೆ ಎಲ್ಲ ಮಸಿ. ಕೊನೆಗಾಲದಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್-ರೇ ನೋಡಿದ ಡಾಕ್ಟರು, "ಇವರು ಬೀಡಿ ಸೇದುತ್ತಿದ್ದರೇ?" ಎಂದು ಕೇಳಿದರು. ವೀಳ್ಯದೆಲೆಯನ್ನೂ ಮುಟ್ಟದ ಹೆಂಗಸು! ಆ ಅಡಿಗೆಮನೆಯ ಹೊಗೆಯನ್ನು ಸೋಸಿದ್ದು ಅವಳ ಶ್ವಾಸಕೋಶ. ಅದನ್ನು ಎಳೆದು ತೆಗೆದು ಹೊಸದು ಹಾಕುವಂತಿರಲಿಲ್ಲ.

ಇದು ಅಮ್ಮನೊಬ್ಬಳ ಕಥೆಯಲ್ಲ. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮಲ್ಲಿ ಇದರ ಬಗ್ಗೆ ಯಾರೂ ಯೋಚಿಸಲೇ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುತ್ತಿತ್ತು, ಸೌದೆಯೂ ಉಳಿಯುತ್ತಿತ್ತು. ನಮ್ಮ ಮನೆಗೆ ಮಾತ್ರ ಅದು ಬರಲಿಲ್ಲ. ಹೆಂಗಸಿನ ಕೆಮ್ಮು ಯಾವ ಮನೆಯ ಖರ್ಚಿನ ಪಟ್ಟಿಯಲ್ಲಿ ಮೊದಲು ಬರುತ್ತದೆ, ಹೇಳಿ?

ಅದೇ ವರ್ಷ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಮಿಷಿಗನ್‌ವರೆಗೂ ಬಂತು. ನಾನು ಊರಿಗೆ ಮರಳಿದ್ದೆ. ಮಗಳು ಫೋನಿನಲ್ಲಿ, "ಮರ್ವ್ 13ರ ಫಿಲ್ಟರ್ ಹಾಕಿದೆ ಅಮ್ಮಾ" ಎಂದಳು. ಮರ್ವ್ ಎಂದರೆ ಫಿಲ್ಟರಿನ ಹಿಡಿತದ ಅಳತೆ. ಸಂಖ್ಯೆ ಹೆಚ್ಚಿದಷ್ಟೂ ಸಣ್ಣ ಕಣ ಸಿಗುತ್ತದೆ. ಆದರೆ ಹಳೆಯ ಫರ್ನೇಸುಗಳಿಗೆ ಅಷ್ಟು ಬಿಗಿಯಾದದ್ದರ ಮೂಲಕ ಗಾಳಿ ಎಳೆಯುವ ಶಕ್ತಿ ಇರುವುದಿಲ್ಲವಂತೆ. ಅದನ್ನು ವಿಚಾರಿಸಿಕೊಂಡೇ ತಂದಿದ್ದಳು. ಈ ಸಲ ಹಾಕಿದ್ದೂ ಅವಳೇ. ಅಳಿಯ ಮಗುವನ್ನು ಎತ್ತಿಕೊಂಡಿದ್ದನಂತೆ.

ನಮಗೆ ಫರ್ನೇಸ್ ಬೇಕಿಲ್ಲ. ಆದರೆ ಅಡಿಗೆಮನೆಯ ಚಿಮಣಿಗೆ ಜಾಲರಿಯಿದೆ, ಎ.ಸಿ.ಗೆ ತೊಳೆಯಬಹುದಾದ ಫಿಲ್ಟರಿದೆ. ಈಗ ನಮ್ಮ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅವನ್ನು ತೊಳೆದ ತಾರೀಖನ್ನೂ ಬರೆದಿಡುತ್ತೇನೆ. ಮೆಣಸಿನಕಾಯಿ ಹುರಿಯುವಾಗ ಫ್ಯಾನು ಹಾಕಿ, ಕಿಟಕಿ ತೆರೆದು ಕೂರುತ್ತೇನೆ. ಮನೆಯವರೆಲ್ಲರ ಉಸಿರಿನ ಹಾಗೆ ನನ್ನ ಉಸಿರೂ ಲೆಕ್ಕಕ್ಕೆ ಬರಬೇಕಲ್ಲವೇ?