ಸವಲತ್ತು ಯಾರ ಪಾಲಿಗೆ?

ಬೆಂಗಳೂರಿನಿಂದ ಬರುವವರಿಗೆ ಅತ್ತಿಬೆಲೆ ದಾಟಿದೊಡನೆ ಸಿಗುವ ತಮಿಳುನಾಡಿನ ಊರು ನಮ್ಮ ಜೂಜುವಾಡಿ. ಕಾಸರಗೋಡಿನ ಕಡೆಯ ಓದುಗರು ಬಹುಶಃ ಲಾರಿಯವರ ಬಾಯಲ್ಲಿ, ಚೆಕ್‌ಪೋಸ್ಟಿನ ಹೆಸರಾಗಿ ಇದನ್ನು ಕೇಳಿರಬಹುದು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು, ಹೀಗೆ ಸಂಜೆಯೊಳಗೆ ಮೂರನ್ನೂ ಆಡಿ ಮುಗಿಸುವ ಜನ ನಾವು. ಹೊಸೂರಿನ ಕಾರ್ಖಾನೆಗಳು ನಮ್ಮ ಹುಡುಗರಿಗೆ ಅನ್ನ ಕೊಟ್ಟಿವೆ. ಆದರೆ ಈಚೆಗೆ ಆ ಅನ್ನ ಬರುವುದು ಹೆಚ್ಚಾಗಿ ಗುತ್ತಿಗೆದಾರನ ಕೈಯಿಂದ.

ಅಂಥ ಗುತ್ತಿಗೆ ಕೆಲಸದಲ್ಲಿದ್ದ ನಮ್ಮ ಬೀದಿಯ ಹುಡುಗನೊಬ್ಬ ಈಗ ಕಂಪನಿ ಕಟ್ಟಲು ಹೊರಟಿದ್ದಾನೆ. ಓದಿದ್ದು ಐ.ಟಿ.ಐ. ಫಿಟ್ಟರ್. ರಾತ್ರಿ ಪಾಳಿ ಮುಗಿಸಿ ಬಂದು ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು, ಯಾವ ಮೇಷ್ಟ್ರೂ ಇಲ್ಲದೆ ಪ್ರೋಗ್ರಾಂ ಬರೆಯುವುದನ್ನು ಕಲಿತ. ಕಾರ್ಖಾನೆ ಪ್ರತಿ ನೌಕರನ ಹೆಸರಿಗೆ ತಿಂಗಳು ತಿಂಗಳು ಇಷ್ಟು ಎಂದು ದುಡ್ಡು ಕಟ್ಟುತ್ತದೆ. ನೌಕರ ಮೊಬೈಲ್ ತೋರಿಸಿ ಹೋಟೆಲು, ಬಟ್ಟೆ ಅಂಗಡಿ, ಜಿಮ್ಮುಗಳಲ್ಲಿ ಆ ಪಾಯಿಂಟು ಖರ್ಚು ಮಾಡುತ್ತಾನೆ. ಇದು ಅವನ ಯೋಜನೆ. ಬ್ಯಾಂಕಿನವನೆಂದು ನನ್ನ ಅಭಿಪ್ರಾಯ ಕೇಳಲು ಬಂದ. ಅವನ ತಾಯಿಗೂ ಒಂದು ಪ್ರಶ್ನೆ ಇತ್ತು: ಸರ ಅಡವಿಟ್ಟರೆ ಗ್ರಾಮಿಗೆ ಎಷ್ಟು ಸಿಗುತ್ತದೆ? ಹಾಗಾಗಿ ಭೇಷ್ ಎಂದು ಬೆನ್ನು ತಟ್ಟಿ ಕಳಿಸುವುದು ನನ್ನಿಂದಾಗಲಿಲ್ಲ.

ಹುಡುಗನ ಕಣ್ಣ ಮುಂದಿರುವುದು ಭಾವಿನ್ ತುರಾಖಿಯಾ. ಅವರೂ ಪ್ರೋಗ್ರಾಮಿಂಗ್ ತಾವಾಗಿಯೇ ಕಲಿತವರು. 1998ರಲ್ಲಿ ಮನೆಯವರಿಂದ 25,000 ರೂಪಾಯಿ ಸಾಲ ಪಡೆದು ತಮ್ಮನೊಡನೆ ಡೈರೆಕ್ಟಿ ಆರಂಭಿಸಿದರು. 2015ರಲ್ಲಿ ರಾಮ್ಕಿ ಗಡ್ಡಿಪಾಟಿಯವರ ಜೊತೆ ಸೇರಿ ಜೀಟಾ ಕಟ್ಟಿ, ನೌಕರರ ಊಟದ ಕೂಪನ್ನನ್ನು ಮೊಬೈಲಿಗೆ ತಂದರು. "ಅಣ್ಣಾ, 2021ರಲ್ಲಿ ಸಾಫ್ಟ್‌ಬ್ಯಾಂಕಿನವರು ಅವರಿಗೆ 25 ಕೋಟಿ ಡಾಲರ್ ಹಾಕಿದರು" ಎಂದ. ಹಾಕಿದ್ದು ನಿಜ. ಆದರೆ ಅಷ್ಟರಲ್ಲಿ ಜೀಟಾ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ದೊಡ್ಡ ದಾರಿಗೆ ತಿರುಗಿತ್ತು. ಆ ದುಡ್ಡು ಬಂದದ್ದು ಊಟದ ಕೂಪನ್ ನೋಡಿ ಅಲ್ಲ.

ಕೂಪನ್ ಬೆಂಗಳೂರಿನಲ್ಲಿ ಯಾಕೆ ನಡೆಯಿತು ಎಂಬುದನ್ನು ಮೊದಲು ನೋಡಬೇಕು. ಒಂದು ಕಾಲಕ್ಕೆ ಅಲ್ಲಿ ತರಕಾರಿ ಅಂಗಡಿಯಲ್ಲೂ ಸೊಡೆಕ್ಸೊ ಚೀಟಿ ನೋಟಿನ ಹಾಗೆ ಓಡಾಡುತ್ತಿತ್ತು. 2017ರ ಕೊನೆಗೆ ರಿಸರ್ವ್ ಬ್ಯಾಂಕು ಕಾಗದದ ಚೀಟಿಗೆ ಮಂಗಳ ಹಾಡಿತು, ಎಲ್ಲ ಕಾರ್ಡಿಗೆ ಬಂತು. ಅದರ ಜೀವ ಇದ್ದದ್ದು ಊಟದಲ್ಲಲ್ಲ, ಆದಾಯ ತೆರಿಗೆಯಲ್ಲಿ. ಎಷ್ಟೋ ವರ್ಷ ಒಂದು ಊಟಕ್ಕೆ 50 ರೂಪಾಯಿವರೆಗೆ ತೆರಿಗೆ ಇರಲಿಲ್ಲ. ತಿಂಗಳಿಗೆ 22 ದಿನ, ದಿನಕ್ಕೆ ಎರಡು ಊಟ ಎಂದರೆ 2,200 ರೂಪಾಯಿ. ನೂರಕ್ಕೆ 30 ತೆರಿಗೆ ಕಟ್ಟುವ ಸಾಫ್ಟ್‌ವೇರ್ ಎಂಜಿನಿಯರಿಗೆ ತಿಂಗಳಿಗೆ 660 ರೂಪಾಯಿ ಉಳಿತಾಯ. ಹದಿನೈದು ಸಾವಿರ ಸಂಬಳದ ಫಿಟ್ಟರಿಗೆ? ಅವನು ತೆರಿಗೆಯನ್ನೇ ಕಟ್ಟುವುದಿಲ್ಲ, ಉಳಿಸುವುದೇನು? ಅವನ ಪಾಲಿಗೆ ಕಾರ್ಡು ಎಂದರೆ ಕೈಕಟ್ಟಿದ ದುಡ್ಡು. ಎಣ್ಣೆಗೆ ಬೇಕಾದಾಗ ಜಿಮ್ಮಿಗೆ ಹೋಗು ಎನ್ನುವ ದುಡ್ಡು.

ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಮಿಕ್ಕ ಮಾತು ಬೇಗ ಮುಗಿಯಿತು. ಬೇರೆಯವರ ಅಂಗಡಿಯಲ್ಲಿ ನಡೆಯುವ ಪಾಯಿಂಟಿಗಾಗಿ ಜನರ ದುಡ್ಡು ಕೂಡಿಟ್ಟುಕೊಳ್ಳುವುದಾದರೆ 2007ರ ಪಾವತಿ ಕಾಯ್ದೆಯ ಪ್ರಕಾರ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು. ಅದು ಒಂದು ಸರ ಅಡವಿಟ್ಟು ಮುಗಿಯುವ ಬಾಬತ್ತಲ್ಲ. ಪರವಾನಗಿ ಇರುವ ಸಂಸ್ಥೆಯೊಂದರ ಬೆನ್ನಿಗೆ ನಿಲ್ಲುವುದು ಲೇಸು. ಮೂರು ತಿಂಗಳಲ್ಲಿ ಖರ್ಚಾಗದ ಪಾಯಿಂಟು ಕಂಪನಿಗೆ ಸೇರತಕ್ಕದ್ದು ಎಂದು ಬರೆದುಕೊಂಡಿದ್ದ. ಅಲ್ಲಿಯೇ ಲಾಭ ಇರುವುದಂತೆ. ಕೆಲಸಗಾರನ ಮರೆವಿನಿಂದ ಲಾಭ ಮಾಡುವ ಸವಲತ್ತಿಗೆ ನಮ್ಮೂರಲ್ಲಿ ಬೇರೆ ಹೆಸರಿದೆ, ಹೇಳಲಿಲ್ಲ. ಅಂಗಡಿಗಳ ಪಟ್ಟಿಯೆಲ್ಲ ಹೊಸೂರು ಬಸ್ ನಿಲ್ದಾಣದ ಸುತ್ತಲಿನದು. ಸಾಮಾನಿಗೆ ಅತ್ತಿಬೆಲೆಗೆ ಹೋಗುವ ನಮ್ಮ ಮನೆಗಳ ನೆನಪು ಅವನಿಗೇ ಬಂದಿರಲಿಲ್ಲ. ಭಾಷೆ ಇಂಗ್ಲಿಷು, ತಮಿಳು. "ಕನ್ನಡ?" ಎಂದೆ. "ಅಷ್ಟು ಜನ ಇಲ್ಲವಲ್ಲಣ್ಣ." ಪಕ್ಕದಲ್ಲಿ ಕೂತಿದ್ದ ಅವನ ತಾಯಿಗೆ ಓದಲು ಬರುವುದು ಕನ್ನಡವೊಂದೇ.

ಎಲ್ಲಕ್ಕಿಂತ ನನಗೆ ಕಸಿವಿಸಿಯಾದದ್ದು ಇನ್ನೊಂದು. ಯೋಜನೆಯಲ್ಲಿ ಸೇರುವವರು ಕಾಯಂ ನೌಕರರು ಮಾತ್ರ. ಗುತ್ತಿಗೆಯವರ ಹೆಸರು ಕಾರ್ಖಾನೆಯ ಪಟ್ಟಿಯಲ್ಲಿ ಇರುವುದಿಲ್ಲವಲ್ಲ! ಆರು ವರ್ಷ ಗುತ್ತಿಗೆಯಲ್ಲಿ ದುಡಿದವನು ತನ್ನಂಥವನನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದ. ದುಡ್ಡು ಕಟ್ಟುವವರು ಆಫೀಸಿನವರು, ಆದ್ದರಿಂದ ಕೇಳಿದ್ದೂ ಆಫೀಸಿನವರನ್ನೇ.

ನನ್ನ ಮಾತು ಹೇಳುವುದಾದರೆ, ಬ್ಯಾಂಕಿನ ಸವಲತ್ತುಗಳಲ್ಲಿ ನಮ್ಮ ಮನೆಗೆ ಹೆಚ್ಚು ಒದಗಿದ್ದು ಬಡ್ಡಿಯಿಲ್ಲದ ಹಬ್ಬದ ಮುಂಗಡ. ಕಡಿಮೆ ಬಡ್ಡಿಯ ಸಾಲಕ್ಕೆ ತೆರಿಗೆ ಹಾಕುವುದು ಸರಿ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ನಮ್ಮವರು ಗೊಣಗುತ್ತಿದ್ದಾರೆ, ಅದಿರಲಿ. ಮುಂಗಡದ ಗುಣವೆಂದರೆ, ಯಾವ ಅಂಗಡಿ ಎಂದು ಅದು ಕೇಳುವುದಿಲ್ಲ. ಸಂಬಳಕ್ಕೆ ಮೊದಲು ಎರಡು ಸಾವಿರ ಬೇಕಾಗಿ ಮೀಟರ್ ಬಡ್ಡಿಯವನ ಮನೆಗೆ ಹೋಗುವ ಗುತ್ತಿಗೆಯವರನ್ನು ನಾನು ದಿನವೂ ಕಾಣುತ್ತೇನೆ. ಸವಲತ್ತು ಅಂದರೆ ಅವರ ಹತ್ತಿರ ಹೋಗಿ ಕೇಳಪ್ಪಾ ಎಂದೆ.

ಹದಿನೈದು ದಿನ ಬಿಟ್ಟು ಒಂದು ನೋಟುಬುಕ್ಕು ಹಿಡಿದು ಬಂದ. ಪಾಳಿ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು ನಲವತ್ತು ಹೆಣ್ಣುಮಕ್ಕಳನ್ನು ಕೇಳಿದ್ದನಂತೆ. ಜಿಮ್ಮು ಒಬ್ಬರೂ ಹೇಳಿರಲಿಲ್ಲ. ಮುಂಗಡ ಎಂದವರು ಹನ್ನೊಂದು. ಇಪ್ಪತ್ತಾರು ಜನ ಕೇಳಿದ್ದು ರಾತ್ರಿ ಪಾಳಿ ಮುಗಿದಾಗ ಊರ ಬಾಗಿಲವರೆಗೆ ಬಿಡುವ ಒಂದು ವ್ಯಾನು. ಸರ ಸದ್ಯ ಅವನ ತಾಯಿಯ ಕೊರಳಲ್ಲೇ ಇದೆ. ಹುಡುಗ ಈಗ ವ್ಯಾನಿನವರ ಬಾಡಿಗೆ ವಿಚಾರಿಸುತ್ತ ಓಡಾಡುತ್ತಿದ್ದಾನೆ.