ತೊರೆಯ ದಂಡೆಯ ನಿಕ್ಷೇಪ
ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ಮಗನ ಮನೆಯಲ್ಲಿದ್ದಾಗ, ಮೊಮ್ಮಗನು ನನ್ನನ್ನು ಫಾರೆಸ್ಟ್ ಪಾರ್ಕಿನ ಬಾಲ್ಚ್ ತೊರೆಯ ಕಾಲುದಾರಿಗೆ ಕರೆದೊಯ್ದನು. ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಉಪಗ್ರಹದ ನೆರವಿನಿಂದ ಹುಡುಕುವ ಈ ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಉಪಗ್ರಹ ಸಂಕೇತಗಳನ್ನು ಬೇಕೆಂದೇ ಮಸುಕುಗೊಳಿಸುವ ಪದ್ಧತಿಯನ್ನು ಅಲ್ಲಿನ ಸರಕಾರ ಕೈಬಿಟ್ಟ ಮರುದಿನ, 2000ದ ಮೇ 3ರಂದು, ಇದೇ ರಾಜ್ಯದಲ್ಲಿ ಇದು ಹುಟ್ಟಿತು.

ಮುಗಿಲೆತ್ತರದ ಡಗ್ಲಸ್ ಫರ್ ಮರಗಳಡಿಯಲ್ಲಿ ಉಪಕರಣವು ತಡವರಿಸಿತು. ಕಡೆಗೆ ಕಣ್ಣೇ ನೆರವಾಯಿತು. ಬಿದ್ದ ಮರದ ಬೇರಿನ ಸಂದಿನಲ್ಲಿದ್ದ ಡಬ್ಬಿಯೊಳಗೆ, ಕಂಡವರು ಹೆಸರು ಬರೆದಿಡುವ ಪುಟ್ಟ ಪುಸ್ತಕವಿತ್ತು. ಮೊಮ್ಮಗನು ಇಂಗ್ಲಿಷಿನಲ್ಲಿ ಬರೆದನು, ನಾನು ಕನ್ನಡದಲ್ಲಿ ಬರೆದೆನು. ಕನ್ನಡ ಮಾತನಾಡಬಲ್ಲ, ಓದಲಾರದ ಆ ಹುಡುಗ ಅಕ್ಷರಗಳನ್ನು ದಿಟ್ಟಿಸಿ, “ಅಜ್ಜಾ, ನನ್ನ ಹೆಸರನ್ನೂ ಹೀಗೆ ಬರೆಯಲು ಕಲಿಸು” ಎಂದನು.

ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟೆವು. ಮರಳುವ ದಾರಿಯಲ್ಲಿಯೇ ಅಕ್ಷರಾಭ್ಯಾಸ ಮೊದಲಾಯಿತು.