ಕಳವಾರದಿಂದ ಕಂಡ ನಂದಿ

ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ದಾಟಿದರೆ ಸಾಕು, ನನ್ನ ಕತ್ತು ತಾನಾಗಿ ಎಡಕ್ಕೆ ಹೊರಳುತ್ತದೆ. ಅಲ್ಲಿಯವರೆಗೂ ದ್ರಾಕ್ಷಿ ಚಪ್ಪರ, ರಾಗಿ ಹೊಲ, ಸೈಟಿನ ಕಲ್ಲು ನೆಟ್ಟ ಬಯಲು. ಆಮೇಲೆ, ಯಾರೋ ಇಳಿಸಿಟ್ಟು ಮರೆತುಹೋದ ಹೊರೆಗಳ ಹಾಗೆ, ಬೆಟ್ಟಗಳು. ಪಶ್ಚಿಮ ಘಟ್ಟದ ನಂಟಿಲ್ಲ, ಹಿಂದಿಲ್ಲ ಮುಂದಿಲ್ಲ. ನಂದಿ, ಬ್ರಹ್ಮಗಿರಿ, ಸ್ಕಂದಗಿರಿ, ಚನ್ನಗಿರಿ, ದಿವ್ಯಗಿರಿ ಸೇರಿ ಪಂಚಗಿರಿ. ಬಸ್ಸಿನ ಕಿಟಕಿಯಿಂದ ಯಾವುದು ಯಾವುದೆಂದು ಗುರುತು ಹಿಡಿಯುವುದು ನನ್ನ ಹಳೆಯ ಆಟ. ಮಲಗಿದ ಬಸವನ ಬೆನ್ನಿನಂಥದ್ದು ನಂದಿ, ಅದರಲ್ಲಿ ಅನುಮಾನವಿಲ್ಲ. ಉಳಿದವು ರಸ್ತೆ ತಿರುಗಿದ ಹಾಗೆಲ್ಲ ಒಂದರ ಬೆನ್ನಿಗೊಂದು ಅಡಗಿ ನನ್ನನ್ನು ಸೋಲಿಸುತ್ತವೆ.

ನಂದಿ 1478 ಮೀಟರ್. ಸುತ್ತಲ ಬಯಲೇ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಕಾಲಿಗೆ ಸಿಗುವ ಏರು ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಸ್ಕಂದಗಿರಿ ಅದಕ್ಕಿಂತ ಕೊಂಚ ಗಿಡ್ಡ, 1450ರ ಆಸುಪಾಸು. ನನ್ನ ಒಲವೆಲ್ಲ ಈ ಎರಡನೆಯದರ ಮೇಲೆ. ನಂದಿಯ ನೆತ್ತಿಗೆ ಕಾರು ಹೋಗುತ್ತದೆ. ಟಿಪ್ಪು ಡ್ರಾಪ್‌ನಲ್ಲಿ ಸೆಲ್ಫಿಗೆ ಸರದಿ, ಕೈಯಲ್ಲಿ ಮಸಾಲೆ ಜೋಳ, ಮೇಲೆ ಕೋತಿಯ ಕಣ್ಣು. ಅದೆಲ್ಲ ಸಹಿಸಬಹುದು. ಆದರೆ ನಂದಿಯ ಮೇಲೆ ನಿಂತವನಿಗೆ ನಂದಿಯೇ ಕಾಣುವುದಿಲ್ಲವಲ್ಲ! ಅದನ್ನು ನೋಡಬೇಕಾದರೆ ಬುಡದ ಹಳ್ಳಿ ಕಳವಾರದ ಕಡೆಯಿಂದ ನಸುಕಿನಲ್ಲೇ ಸ್ಕಂದಗಿರಿ ಹತ್ತಬೇಕು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಗಾದೆ ಕಟ್ಟಿದವನು ಈ ಸೀಮೆಯವನಲ್ಲ. ಇಲ್ಲಿ ದೂರದಿಂದ ಬೆಟ್ಟ ಕುರುಚಲು ಗಡ್ಡ ಬಿಟ್ಟಂತೆ ಒರಟು. ಹತ್ತಿರ ಹೋದರೇ ನುಣುಪು. ಕೋಟೆಗೋಡೆಯ ಕೆಳಗಿನ ಬಂಡೆಯೊಂದು ಮಂಜು ಬಿದ್ದ ಬೆಳಗಿನಲ್ಲಿ ಎಣ್ಣೆ ಸವರಿದ ಕಾವಲಿಯಂತಿರುತ್ತದೆ. ಮೊದಲ ಸಲ ಅದರ ಮೇಲೆ ಗಾಂಭೀರ್ಯದಿಂದ ಹೆಜ್ಜೆ ಇಟ್ಟು, ಕೂತ ಭಂಗಿಯಲ್ಲೇ ಎರಡಾಳುದ್ದ ಜಾರಿದೆ. ಪ್ಯಾಂಟಿನ ಹಿಂಭಾಗ ಅಲ್ಲೇ ಉಳಿಯಿತು. ಇಳಿಯುವಾಗ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಎಲ್ಲರನ್ನೂ 'ನೀವು ಮುಂದೆ ಹೋಗಿ' ಎಂದು ಉಪಚರಿಸಿದ್ದೆ.

ನೆತ್ತಿಯ ಮೇಲೆ ಪಾಳು ಗುಡಿ, ಕುಸಿದ ಗೋಡೆ. ಕೆಳಗೆ ಬಯಲು ತುಂಬ ಬೆಳ್ಮೋಡ ನಿಂತಿರುತ್ತದೆ, ಕಡೆದ ಮಜ್ಜಿಗೆಯ ನೊರೆಯಂತೆ. ಮೊದಲು ಏನೂ ಇರುವುದಿಲ್ಲ. ನೋಡುತ್ತಿದ್ದಂತೆ ನೊರೆಯೊಳಗಿಂದ ಬಸವನ ಭುಜ ಎದ್ದು ಬರುತ್ತದೆ. ನಂದಿಯ ಮೇಲಿನ ಟಿಪ್ಪುವಿನ ಕೋಟೆ ಹಿಡಿಯಲು 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಎಷ್ಟು ತಿಣುಕಿರಬೇಕೆಂದು ಈ ದೂರದಿಂದಲೇ ತಿಳಿಯುತ್ತದೆ. ಮೋಡ ಪೂರ್ತಿ ಹರಿದಾಗ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯ ಕಡೆಯ ಹೊಲಗಳು ಚೌಕ ಚೌಕವಾಗಿ ಬಿಚ್ಚಿಕೊಳ್ಳುತ್ತವೆ.

ಮಳೆಗಾಲದಲ್ಲಿ ಇಲ್ಲಿ ಕೂತು ಇನ್ನೊಂದು ಆಟ ಆಡುತ್ತೇನೆ: ಹನಿಗೆ ಊರು ಹುಡುಕುವುದು. ನಂದಿಯ ಮೇಲೆ ಬಿದ್ದದ್ದು ಅರ್ಕಾವತಿಯಾಗಿ ಕಾವೇರಿ ಸೇರಬಹುದು. ಚನ್ನಗಿರಿಯ ಹನಿಯದು ಕಷ್ಟ. ಅಲ್ಲಿ ಉತ್ತರ ಪಿನಾಕಿನಿಯೂ ಹುಟ್ಟುತ್ತಾಳೆ, ದಕ್ಷಿಣ ಪಿನಾಕಿನಿಯೂ. ಗಾಳಿ ಒಂದಿಷ್ಟು ಆಚೆ ತಳ್ಳಿದರೆ ನೆಲ್ಲೂರು, ಈಚೆ ತಳ್ಳಿದರೆ ಕಡಲೂರು.

ನಂದಿಯ ಮೇಲಿನ ಕಾಡಿನಲ್ಲಿ ನೀಲಗಿರಿ ಕಾಡುಪಾರಿವಾಳವಿದೆ. ಅದರ ಬಂಧುಬಳಗವೆಲ್ಲ ಪಶ್ಚಿಮ ಘಟ್ಟದಲ್ಲಿ. ನಡುವೆ ಒಣ ಬಯಲು. ಕತ್ತಿನ ಹಿಂದೆ ಚದುರಂಗದ ಮಣೆಯಂಥ ಕಪ್ಪು ಬಿಳುಪು ಚೌಕುಳಿ ಇರುವ ಆ ಹಕ್ಕಿಯನ್ನು ಒಮ್ಮೆ ನೋಡಿದೆ. ಹಣ್ಣು ನುಂಗಿ, ಎದ್ದು ಹೋಯಿತು. ನಂದಿಗೆ ಬೈದದ್ದನ್ನು ಅಷ್ಟರಮಟ್ಟಿಗೆ ವಾಪಸು ತೆಗೆದುಕೊಂಡಿದ್ದೇನೆ.

ಕಳವಾರದಲ್ಲಿ ಸೀಬೆಹಣ್ಣು ಮಾರುವ ಅಜ್ಜಿಯೊಬ್ಬರು ಹೋದ ಸಲ ಕೇಳಿದರು: "ಏನ್ ಸ್ವಾಮಿ, ಮೇಲೇನಾದ್ರೂ ಕಳ್ಕೊಂಡಿದ್ದೀರಾ? ಹುಡ್ಕಕ್ಕೆ ಬಂದಂಗೆ ಬರ್ತಾನೇ ಇರ್ತೀರಲ್ಲ?"

"ಸ್ಕಂದಗಿರಿ ಚೆನ್ನಾಗಿದೆ ಅಜ್ಜಿ, ಅದಕ್ಕೇ."

"ಅದ್ಯಾವ್ದಪ್ಪಾ ಅದು? ಇದು ಕಳವಾರದ ಬೆಟ್ಟ," ಎಂದು ಸೀಬೆ ಸೀಳಿ, ಉಪ್ಪುಖಾರ ಸವರಿ ಕೈಗಿತ್ತರು.